ಸರಿಯಾಗಿ ಕೂತ ಹಲ್ಲು

ಹನ್ನೊಂದು ಗಿಟಾರು. ಎಣಿಸಿದ್ದು ನಾನಲ್ಲ,
ವಿಮೆಯವನು.
ನಲವತ್ಮೂರು ಪೆಡಲು, ನಾಲ್ಕು ಆಂಪ್ಲಿಫೈಯರು,
ಯಾವುದಕ್ಕೆ ಯಾವುದೆಂದು ತಿಳಿಯದ ವೈರು ಒಂದು ಚೀಲ.
ನೆಲಮಾಳಿಗೆಗೆ ನೀರು ನುಗ್ಗಿದ ಮಾರನೆಯ ದಿನ.
ಟಾಂಪೆರೆಯಲ್ಲಿ ಏಪ್ರಿಲ್ ಬರುವುದೇ ಹಾಗೆ,
ಮೇಲೆ ಹಿಮ ಕರಗಿದ ಸುದ್ದಿ
ಮೊದಲು ಮುಟ್ಟುವುದು ಕೆಳಗಿನ ಕೋಣೆಗೆ.

ಬರೆದುಕೊಂಡು, ಕನ್ನಡಕ ಮೇಲೆತ್ತಿ ಕೇಳಿದ:
ನೀವು ಬ್ಯಾಂಡಿನಲ್ಲಿ ನುಡಿಸುತ್ತೀರಾ?
ಇಲ್ಲ ಅಂದೆ.
ಅಷ್ಟೇ. ನಮ್ಮ ಕಡೆ ಯಾರೂ
ಎರಡನೇ ಪ್ರಶ್ನೆ ಕೇಳುವುದಿಲ್ಲ.

ನನ್ನ ಕಸುಬು ಹಲ್ಲು ಮಾಡುವುದು.
ಅಚ್ಚು ಬರುತ್ತದೆ ನನ್ನ ಮೇಜಿಗೆ, ಬಾಯಿ ಬರುವುದಿಲ್ಲ.
ಪಿಂಗಾಣಿಯನ್ನು ಕೂದಲೆಳೆಯಷ್ಟು ಉಜ್ಜಿ,
ಸುಟ್ಟು, ಮತ್ತೆ ಉಜ್ಜಿ
ಮೂವತ್ತು ವರ್ಷಕ್ಕೆ ತಿಳಿದದ್ದು ಇಷ್ಟು:
ಸರಿಯಾಗಿ ಕೂತ ಹಲ್ಲನ್ನು ಬಾಯಿ ಮರೆತುಬಿಡುತ್ತದೆ.
ನಾಲಿಗೆ ಹೋಗಿ ಹೋಗಿ ತಡಕುವುದು
ಸರಿಯಿಲ್ಲದ್ದನ್ನೇ.

ತಿಳಿದೂ ತಡಕಿದೆ.
ಈ ಪೆಡಲು ಕೊಂಡರೆ ಆ ದನಿ ಬಂದೀತು,
ಆ ದನಿ ಬಂದರೆ ಕೂತು ಕಲಿತೇನು.
ಕುಣಿಯಲಾರದವಳು ನೆಲ ಡೊಂಕು ಅಂದಳಂತೆ;
ನಾನು ನೆಲವನ್ನೇ ಬದಲಿಸುತ್ತಾ ಹೋದೆ,
ತಿಂಗಳ ಕಂತಿನಲ್ಲಿ.

ಮಾರತೊಡಗಿದೆ.
ಪೋರಿಯಿಂದ ಬಂದ ಬಸ್ ಡ್ರೈವರು ಕಪ್ಪನೆಯದನ್ನು
ಮಗುವಿನ ಹಾಗೆ ಮುಂದಿನ ಸೀಟಿಗೆ ಕೂರಿಸಿ ಬೆಲ್ಟು ಬಿಗಿದ.
ಪೆಡಲುಗಳನ್ನು ಒಯ್ದವನು ಬೆಲೆ ಕೇಳುವ ಮೊದಲು
ಪೆಟ್ಟಿಗೆ ಇದೆಯೇ ಎಂದ.
ಇತ್ತು. ಎಲ್ಲದರದೂ ಇತ್ತು.
ಆ ಪೆಟ್ಟಿಗೆಗಳನ್ನು ಇಟ್ಟ ಜೋಪಾನದಲ್ಲಿ
ಎರಡು ಮಕ್ಕಳನ್ನು ಸಾಕಬಹುದಿತ್ತು.

ಕೆಂಪನೆಯದನ್ನು ನೋಡಲು ಬಂದವಳು ಪಿಹ್ಲಾ.
ಹದಿನಾರೋ ಹದಿನೇಳೋ,
ಸ್ಟ್ರಾಬೆರಿ ಕಿತ್ತು ಕೂಡಿಟ್ಟ ನೋಟು ಕೈಚೀಲದಲ್ಲಿ ಮಡಚಿ.
ನುಡಿಸಿ ತೋರಿಸ್ತೀರಾ?
ತೋರಿಸಿದೆ. ನನ್ನ ಎಂಟು ಆವರ್ತ,
ಕೊನೆಗೆ ತಂತಿಯನ್ನು ಮೇಲಕ್ಕೆಳೆದು ಒಂದು ನರಳಿಕೆ.
ನಿಂತಳು. ಕೋಟಿನ ಗುಂಡಿ ಕೂಡ ಬಿಚ್ಚಿರಲಿಲ್ಲ.
ಆಮೇಲೆ? ಅಂದಳು.

ಆಮೇಲೆ ಇಲ್ಲ.
ಇಪ್ಪತ್ತೆರಡು ವರ್ಷಕ್ಕೆ ನನ್ನಲ್ಲಿದ್ದದ್ದು ಅದೇ ಎಂಟು.
ಅಂಗಡಿಯ ಸ್ಟೂಲಿನ ಮೇಲೆ ಪ್ರತಿ ಗಿಟಾರನ್ನೂ ಅಳೆದದ್ದು ಅದರಲ್ಲೇ,
ಪ್ರತಿ ಪೆಡಲನ್ನೂ ಮೆಟ್ಟಿದ್ದು ಅದಕ್ಕೇ.
ಆಲೂಗಡ್ಡೆ ಬೆಂದಿತೇ ಎಂದು
ಚಾಕು ಚುಚ್ಚಿದ್ದೇ ಚುಚ್ಚಿದ್ದು,
ಊಟಕ್ಕೆ ಕೂರಲೇ ಇಲ್ಲ.
ನಲವತ್ತು ಯೂರೋ ಕಡಿಮೆಗೆ ಕೊಟ್ಟುಬಿಟ್ಟೆ.
ಯಾಕೆಂದು ಅವಳು ಕೇಳಲಿಲ್ಲ. ನಮ್ಮವಳೇ.

ಉಳಿದದ್ದು ಯಾರಿಗೂ ಬೇಡವಾದದ್ದು.
ವೈರಿಲ್ಲದ, ಪೊಳ್ಳು ಹೊಟ್ಟೆಯ ಕಂದು ಗಿಟಾರು,
ನೀರು ಎಲ್ಲಿಯತನಕ ಏರಿತ್ತೆಂದು
ಬೆನ್ನ ಮೇಲೆ ಗೆರೆ ಬರೆದುಕೊಂಡದ್ದು.
ನಾಲ್ಕನೇ ಮೆಟ್ಟಿನಲ್ಲಿ ಮೂರನೇ ತಂತಿ ಝುಂಯ್‌ಗುಡುತ್ತಿತ್ತು.
ಹೊಸತು ಹುಡುಕಲು ಕೈ ಫೋನಿಗೆ ಹೋಯಿತು, ಸುಳ್ಳೇಕೆ.
ಮರುದಿನ ಊಟದ ಬಿಡುವಿನಲ್ಲಿ, ಹಲ್ಲು ಉಜ್ಜುವ ಅರದಲ್ಲೇ
ಐದನೇ ಮೆಟ್ಟಿನ ತಲೆ ಸವರಿದೆ.
ಝುಂಯ್ ನಿಂತಿತು.
ಆ ಹೊತ್ತಿನಿಂದ ಅದನ್ನು ಮರೆತಿದ್ದೇನೆ.

ಹಾಂ, ಒಂದು ಪೆಡಲು ಉಳಿಸಿಕೊಂಡೆ.
ಕಾಲುಚೀಲದ ಡ್ರಾಯರಿನಲ್ಲಿದೆ. ಹಸಿರು ಬಣ್ಣ.
ನುಡಿಸಲಿಕ್ಕಲ್ಲ.

ಈಗ ನವೆಂಬರು, ಮೂರೂವರೆಗೇ ಕತ್ತಲು.
ಅಡುಗೆಮನೆಯ ಕುರ್ಚಿ, ಫ್ರಿಜ್ಜಿನ ಗುನುಗು.
ಬೆರಳ ತುದಿ ಮೊದಲು ಉರಿಯಿತು, ಸುಲಿಯಿತು,
ಈಗ ಕಾಫಿ ಲೋಟದ ಬಿಸಿ ತಾಗುವುದಿಲ್ಲ ಅಷ್ಟಕ್ಕೆ.
ಒಂಬತ್ತನೇ ಆವರ್ತಕ್ಕೆ ಮೂರು ವಾರ ಹಿಡಿಯಿತು.
ಹತ್ತನೆಯದು ತಪ್ಪಾಗಿ ಬಂತು,
ತಪ್ಪಾಗಿಯೇ ಚೆನ್ನಾಗಿತ್ತು, ಬಿಟ್ಟೆ.

ನಿನ್ನೆ ರಾತ್ರಿ ಪಕ್ಕದ ಮನೆಯ ತೈಸ್ತೋ
ಗೋಡೆ ಬಡಿದ.
ಗಡಿಯಾರ ನೋಡಿದೆ, ಹತ್ತು ಗಂಟೆ ದಾಟಿ ಹತ್ತು ನಿಮಿಷ.
ಇಷ್ಟು ವರ್ಷದಲ್ಲಿ ಆ ಮುದುಕ
ಒಮ್ಮೆಯೂ ಬಡಿದವನಲ್ಲ, ಪಾಪ,
ಬಡಿಯುವಂಥದ್ದು ಏನಿತ್ತು.
ನಿಲ್ಲಿಸಿದೆ,
ಹನ್ನೆರಡನೆಯದರ ನಟ್ಟನಡುವೆ.